‘ತಡೀಯವ್ವಾ, ಇದೊಂದು ಮ್ಯಾಚ್...!’

ಹತ್ತು ಸಲ ಕರೆದರೂ ಮಗ ಊಟಕ್ಕೆ ಏಳುವುದಿಲ್ಲ. ಫೋನ್ ಕಸಿದರೆ ಮನೆಯೇ ರಣರಂಗ! ಬೈಯುವ ಮೊದಲು ಅವನ ಕೈಯಲ್ಲಿರುವ ಆಟ ಹೇಗೆ ನಡೆಯುತ್ತದೆ ಅಂತ ಒಮ್ಮೆ ತಿಳಿದುಕೊಳ್ಳಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

‘ತಮ್ಮಾ, ಊಟಕ್ಕ ಬಾರೋ...’

‘ಬಂದೆ ಯವ್ವಾ, ಐದೇ ನಿಮಿಷ.’

ಆ ಐದು ನಿಮಿಷ ಇಪ್ಪತ್ತಾಗುತ್ತದೆ, ಇಪ್ಪತ್ತು ನಲವತ್ತಾಗುತ್ತದೆ. ಬಿಸಿ ರೊಟ್ಟಿ ತಣ್ಣಗಾಗುತ್ತದೆ. ಪಲ್ಯ ಎರಡು ಸಲ ಬಿಸಿ ಮಾಡಿದ್ದೂ ಆಯಿತು. ಕೊನೆಗೆ ಅವ್ವನ ದನಿ ಏರುತ್ತದೆ, ಮಗನ ದನಿ ಅದಕ್ಕಿಂತ ಮೇಲೇರುತ್ತದೆ. ಒಳಗಿನಿಂದ ಅಜ್ಜಿ, ‘ಆ ಸುಡುಗಾಡು ಮೊಬೈಲ್ ಮೊದ್ಲ ಬಾವಿಗಿ ಒಗೀರಿ’ ಅನ್ನುತ್ತಾಳೆ. ಆಳಂದ, ಅಫಜಲಪುರ, ಜೇವರ್ಗಿ ಅನ್ನದೆ ನಮ್ಮ ಕಡೆ ಗಂಡುಮಕ್ಕಳಿರುವ ಮನೆಗಳಲ್ಲಿ ಸಂಜೆಯಾದರೆ ಈ ಮಾತು ಮಾಮೂಲು.

ಆದರೆ ಬಾವಿಗೆ ಒಗೆಯೋದು ಹೇಳಿದಷ್ಟು ಸುಲಭ ಅಲ್ಲ. ಪುಣೆಗೋ ಮುಂಬೈಗೋ ಹೈದರಾಬಾದಿಗೋ ದುಡಿಯಲು ಹೋದ ಅಪ್ಪನ ಕರೆ ಬರೋದು ಅದೇ ಫೋನಿಗೆ. ಗೃಹಲಕ್ಷ್ಮಿ ಜಮೆ ಆದ ಮೆಸೇಜ್ ಬರೋದೂ ಅದಕ್ಕೇ. ಶಾಲೆಯ ವಾಟ್ಸ್‌ಆ್ಯಪ್ ಗ್ರೂಪೂ ಅದರಲ್ಲೇ. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ‘ಪಾಠಕ್ಕ ಬೇಕು’ ಅಂತ ಸಾಲಸೋಲ ಮಾಡಿ ಫೋನ್ ತಂದ ಮನೆಗಳು ಎಷ್ಟಿಲ್ಲ? ಪಾಠ ಮುಗಿಯಿತು, ಶಾಲೆ ತೆರೆಯಿತು, ಫೋನ್ ಮಾತ್ರ ಹುಡುಗರ ಕೈಯಲ್ಲೇ ಉಳಿಯಿತು. ತೊಗರಿ ರಾಶಿ ಹೊತ್ತಿನಲ್ಲಿ ಅವ್ವ ನಸುಕಿಗೆ ಹೊಲಕ್ಕೆ ಹೋದರೆ ಬರೋದು ಕತ್ತಲಾದ ಮೇಲೆ. ಏಪ್ರಿಲ್, ಮೇ ಬಂತೆಂದರೆ ಮಧ್ಯಾಹ್ನದ ಬಿಸಿಲಿಗೆ ಹೊರಗೆ ಕಾಲಿಡೋಕಾಗಲ್ಲ. ಹುಡುಗರು ಇನ್ನೇನು ಮಾಡಬೇಕು ಹೇಳಿ? ಗುಡಿ ಕಟ್ಟೆ ಮೇಲೆ ನಾಲ್ಕು ಜನ ಸಾಲಾಗಿ ಕೂತಿರುತ್ತಾರೆ. ಎಲ್ಲರ ತಲೆ ಕೆಳಗೆ. ನಡುನಡುವೆ ‘ಏ, ಬಲಕ್ಕ ಹಾನ ನೋಡು!’ ಅನ್ನೋ ಕೂಗು.

ಏನದು ಆ ಬಲಕ್ಕೆ ಇರೋದು?

ಇದೆಂಥ ಆಟ?

ನಮ್ಮ ಹುಡುಗರ ಬಾಯಲ್ಲಿ ‘ಪಬ್‌ಜಿ’, ‘ಬಿಜಿಎಂಐ’, ‘ಫ್ರೀ ಫೈರ್’ ಅನ್ನೋ ಹೆಸರು ಕೇಳಿರುತ್ತೀರಿ. ಇವೆಲ್ಲ ತಂಡ ಕಟ್ಟಿಕೊಂಡು ಆಡುವ ಗುಂಡು ಹಾರಿಸುವ ಆಟಗಳು. ಬಿಜಿಎಂಐ ಅಂದರೆ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’. ಅದರ ಮುಖ್ಯ ಆಟದಲ್ಲಿ ನೂರು ಜನ ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಒಂದು ದ್ವೀಪಕ್ಕೆ ಇಳಿಯುತ್ತಾರೆ. ಇಳಿಯುವಾಗ ಬರಿಗೈ. ಅಲ್ಲಿನ ಮನೆಗಳಲ್ಲಿ ಹುಡುಕಿ ಬಂದೂಕು, ಹೆಲ್ಮೆಟ್, ಔಷಧ ಎಲ್ಲ ಹೊಂದಿಸಿಕೊಳ್ಳಬೇಕು. ಅಷ್ಟರಲ್ಲಿ ಸುತ್ತ ಒಂದು ವೃತ್ತ ನಿಧಾನವಾಗಿ ಕಿರಿದಾಗುತ್ತಾ ಬರುತ್ತದೆ. ವೃತ್ತದ ಹೊರಗೆ ಉಳಿದವರಿಗೆ ಪೆಟ್ಟು, ಒಳಗೆ ಬಂದವರಿಗೆ ಎದುರಾಳಿಗಳ ಕಾಟ. ಕೊನೆಗೆ ಉಳಿದ ತಂಡ ಗೆದ್ದಂತೆ. ಸಾಮಾನ್ಯವಾಗಿ ಒಂದು ತಂಡಕ್ಕೆ ನಾಲ್ಕು ಜನ. ನಿಮ್ಮ ಮಗ, ಅವನ ಗೆಳೆಯ, ಆಳಂದದಲ್ಲಿರುವ ಸೋದರಮಾವನ ಮಗ, ಇನ್ನೊಬ್ಬ ಯಾವುದೋ ಊರಿನವನು. ಎಲ್ಲರ ಕಿವಿಯಲ್ಲೂ ಇಯರ್‌ಫೋನ್, ಎಲ್ಲರಿಗೂ ಎಲ್ಲರ ಮಾತು ಕೇಳುತ್ತದೆ.

ಇಂಥ ತಂಡದ ಆಟಗಳು ಮೊಬೈಲಿಗೆ ಬರುವ ಮೊದಲೇ ಕಂಪ್ಯೂಟರಿನಲ್ಲಿದ್ದವು. ನಮ್ಮಲ್ಲಿ ಮನೆಮನೆಗೆ ಬಂದದ್ದು ಮಾತ್ರ 2018ರಲ್ಲಿ ಪಬ್‌ಜಿ ಮೊಬೈಲ್ ಕಾಲಿಟ್ಟ ಮೇಲೆ. ಅಗ್ಗದ ಇಂಟರ್‌ನೆಟ್ಟು, ಕೈಗೆಟುಕುವ ಫೋನು ಎರಡೂ ಸಿಕ್ಕಿದ್ದೇ ತಡ, ಪಟ್ಟಣಕ್ಕೆ ಬಂದದ್ದು ಹಳ್ಳಿಗೂ ಬಂತು.

‘ಗುಂಡು ಹೊಡಿಯೋ ಆಟ ಆಡಿ ಆಡಿ ನನ್ನ ಮಗ ಕ್ರೂರಿ ಆಗಿಬಿಟ್ರ?’ ಅನ್ನೋ ದಿಗಿಲು ಅನೇಕ ತಾಯಂದಿರಿಗಿದೆ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ಈ ಬಗ್ಗೆ ತನ್ನ ನಿಲುವು ಹೇಳಿದೆ. ಇಂಥ ಆಟಗಳಿಗೂ ಕೂಗಾಟ, ತಳ್ಳಾಟದಂಥ ಸಿಡುಕಿಗೂ ಸಣ್ಣ ನಂಟು ಕಂಡಿದೆ. ಆದರೆ ಜೀವ ತೆಗೆಯುವಂಥ ಹಿಂಸೆಗೆ ಈ ಆಟಗಳೇ ಕಾರಣ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂಬುದು ಅದರ ಸಾರ. ಹಾಗಂತ ಆರು ವರ್ಷದ ಮಗುವಿನ ಕೈಗೆ ಕೊಡಬಹುದು ಅಂತಲ್ಲ! ಇವು ದೊಡ್ಡ ಹುಡುಗರಿಗಾಗಿ ಮಾಡಿದ ಆಟಗಳು. ಚಿಕ್ಕ ಮಕ್ಕಳಿಗೆ ಬೇಡವೇ ಬೇಡ.

ನಡುವೆ ನಿಲ್ಲಿಸೋಕೆ ಯಾಕೆ ಆಗಲ್ಲ?

ಇಲ್ಲಿದೆ ನೋಡಿ ಮುಖ್ಯ ವಿಷಯ. ಹಳೇ ಬಟನ್ ಫೋನಿನಲ್ಲಿ ಹಾವಿನ ಆಟ ಇತ್ತಲ್ಲ, ನೆನಪಿದೆಯಾ? ಯಾರಾದರೂ ಕರೆದರೆ ಒಂದು ಬಟನ್ ಒತ್ತಿ ಹಾವನ್ನು ಅಲ್ಲೇ ನಿಲ್ಲಿಸಿ ಹೋಗಬಹುದಿತ್ತು. ಬಂದ ಮೇಲೆ ಹಾವು ಅಲ್ಲೇ ಕಾಯುತ್ತಿರುತ್ತಿತ್ತು. ಯಾಕೆಂದರೆ ಆ ಆಟ ಫೋನಿನ ಒಳಗೇ ಇತ್ತು, ಆಡುವವರೂ ಒಬ್ಬರೇ.

ಈ ಆಟ ಹಾಗಲ್ಲ. ಇದು ನಡೆಯುವುದು ಎಲ್ಲೋ ದೂರದ ಸರ್ವರ್ ಅನ್ನೋ ದೊಡ್ಡ ಕಂಪ್ಯೂಟರಿನಲ್ಲಿ. ನೂರು ಜನ ಏಕಕಾಲಕ್ಕೆ ಆಡುತ್ತಿರುತ್ತಾರೆ. ನಿಮ್ಮ ಮಗ ಊಟಕ್ಕೆ ಎದ್ದನೆಂದು ಉಳಿದ ತೊಂಬತ್ತೊಂಬತ್ತು ಜನ ಕೈಕಟ್ಟಿ ನಿಲ್ಲುವುದಿಲ್ಲ. ಅವನ ಗೊಂಬೆ ಬಯಲಲ್ಲಿ ಸುಮ್ಮನೆ ನಿಂತಿರುತ್ತದೆ, ಯಾರೋ ಬಂದು ಹೊಡೆದುಹಾಕುತ್ತಾರೆ. ಅವನ ತಂಡದ ಮೂವರು ಒಬ್ಬ ಕಡಿಮೆ ಆಗಿ ಸೋಲುತ್ತಾರೆ. ಅವನ ಅಂಕ ಇಳಿಯುತ್ತದೆ, ತಿಂಗಳುಗಟ್ಟಲೆ ಕಷ್ಟಪಟ್ಟು ಏರಿದ ದರ್ಜೆ ಹೋಗುತ್ತದೆ. ಮರುದಿನ ಶಾಲೆಯಲ್ಲಿ ‘ನಡುವ ಬಿಟ್ಟು ಓಡಿದಿ’ ಅನ್ನೋ ಮಾತು ಬೇರೆ!

ಕಬಡ್ಡಿ ಪಂದ್ಯ ಅಂತ ಅಂದುಕೊಳ್ಳಿ. ಮಗ ರೈಡಿಗೆ ಹೋದಾಗ ಅಂಗಳದ ಆಚೆಯಿಂದ ಅವ್ವ ‘ನೀರು ತುಂಬಬೇಕು, ಬಾರೋ’ ಅಂತ ಕರೆದರೆ ಅವನು ಏನು ಮಾಡಿಯಾನು? ಕರೆದ ಅವ್ವನದೂ ತಪ್ಪಲ್ಲ, ಬಾರದ ಮಗನದೂ ತಪ್ಪಲ್ಲ. ಕರೆದ ಹೊತ್ತು ತಪ್ಪು, ಅಷ್ಟೇ. ‘ತಡೀಯವ್ವಾ’ ಅನ್ನುವಾಗ ಅವನು ನಿಮಗೆ ಎದುರಾಡುತ್ತಿಲ್ಲ, ಆ ಮೂವರಿಗೆ ಮಾತು ಕೊಟ್ಟಿದ್ದಾನೆ. ಇದು ತಿಳಿಯದೆ ಫೋನ್ ಕಸಿದಾಗಲೇ ಬಾಗಿಲು ಬಡಿಯುವುದು, ತಟ್ಟೆ ತಳ್ಳುವುದು ಎಲ್ಲ ಶುರುವಾಗೋದು.

ಹಾಗಾದರೆ ಅವನು ಆಡಿದ್ದೇ ಆಟ ಅಂತ ಬಿಟ್ಟುಬಿಡೋದಾ? ಖಂಡಿತ ಇಲ್ಲ!

ನಿಮಿಷ ಬೇಡ, ಮ್ಯಾಚ್ ಲೆಕ್ಕ ಹಾಕಿ

‘ಅರ್ಧ ಗಂಟೆ ಮಾತ್ರ’ ಅಂತ ನೀವು ಹೇಳಿದರೆ ಆ ಅರ್ಧ ಗಂಟೆ ಮುಗಿಯುವಾಗ ಅವನು ಯಾವುದೋ ಮ್ಯಾಚಿನ ನಡುವೆ ಇರುತ್ತಾನೆ. ಜಗಳ ಗ್ಯಾರಂಟಿ. ಅದರ ಬದಲು ‘ಇವತ್ತು ಎರಡು ಮ್ಯಾಚ್’ ಅಂತ ಹೇಳಿ ನೋಡಿ. ಬಿಜಿಎಂಐನ ದೊಡ್ಡ ನಕಾಶೆಯಲ್ಲಿ ಕೊನೆಯವರೆಗೆ ಉಳಿದರೆ ಒಂದು ಮ್ಯಾಚಿಗೆ ಹೆಚ್ಚುಕಡಿಮೆ ಅರ್ಧ ಗಂಟೆ ಹಿಡಿಯುತ್ತದೆ. ಫ್ರೀ ಫೈರ್‌ನಲ್ಲಿ ಐವತ್ತು ಜನ, ಅದು ಹತ್ತು-ಹದಿನೈದು ನಿಮಿಷದ ಆಟ. ಈ ಲೆಕ್ಕ ನಿಮಗೆ ಗೊತ್ತಿದ್ದರೆ ‘ಐದೇ ನಿಮಿಷ’ ಅನ್ನೋ ಮಾತು ನಿಜವೋ ಸುಳ್ಳೋ ಅಂತ ನಿಮಗೇ ತಿಳಿಯುತ್ತದೆ.

ಊಟಕ್ಕೆ ಇನ್ನು ಅರ್ಧ ಗಂಟೆ ಇದೆ ಅನ್ನುವಾಗಲೇ ಕೇಳಿ: ‘ಈಗ ಎಷ್ಟು ಮಂದಿ ಉಳಿದಾರ?’ ಪರದೆ ಮೇಲೆ ಬದುಕಿ ಉಳಿದವರ ಸಂಖ್ಯೆ ಕಾಣುತ್ತಿರುತ್ತದೆ. ‘ಎಂಬತ್ತು’ ಅಂದರೆ ಮ್ಯಾಚ್ ಈಗ ಶುರುವಾಗಿದೆ. ‘ಹನ್ನೆರಡು’ ಅಂದರೆ ಮುಗಿಯುತ್ತಾ ಬಂತು. ‘ಆಯ್ತು, ಇದು ಮುಗಿಸಿ ಏಳು, ಹೊಸದು ಚಾಲೂ ಮಾಡಬ್ಯಾಡ’ ಅನ್ನಿ. ನಡುವೆ ಕಸಿದುಕೊಳ್ಳುವುದಿಲ್ಲ ಅಂತ ನೀವು ಮಾತು ಕೊಡಿ, ಹೊಸದು ಶುರು ಮಾಡುವುದಿಲ್ಲ ಅಂತ ಅವನು ಮಾತು ಕೊಡಲಿ. ಅವ್ವನಿಗೆ ತನ್ನ ಆಟ ಗೊತ್ತು ಅಂತ ತಿಳಿದ ಹುಡುಗನಿಗೆ ಸುಳ್ಳು ಹೇಳಲು ಸ್ವಲ್ಪ ಮುಜುಗರವೂ ಆಗುತ್ತದೆ!

ಮಾತು ತಪ್ಪಿದರೆ? ಮರುದಿನದ ಲೆಕ್ಕದಲ್ಲಿ ಒಂದು ಮ್ಯಾಚ್ ಕಡಿತ. ಇದನ್ನು ಮೊದಲೇ ಹೇಳಿಟ್ಟಿರಬೇಕು, ಸಿಟ್ಟು ಬಂದಾಗ ಹೇಳಬಾರದು. ಅಪ್ಪ ಊರಿಗೆ ಬಂದಾಗ ಒಂದು ನಿಯಮ, ಹೋದ ಮೇಲೆ ಇನ್ನೊಂದು ನಿಯಮ ಅಂತಲೂ ಆಗಬಾರದು. ದೂರದಲ್ಲಿರುವ ಅಪ್ಪನಿಗೂ ಫೋನಿನಲ್ಲೇ ಈ ಒಪ್ಪಂದ ಹೇಳಿಬಿಡಿ. ಇಲ್ಲವಾದರೆ ‘ಅಪ್ಪ ಹೂಂ ಅಂದಾನ’ ಅನ್ನೋ ಬಾಣ ನಿಮ್ಮ ಮೇಲೆಯೇ ಬರುತ್ತದೆ.

ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಡಿಜಿಟಲ್ ವೆಲ್‌ಬೀಯಿಂಗ್’ ಅಂತ ಒಂದು ಸೌಲಭ್ಯವಿದೆ. ಯಾವ ಆ್ಯಪ್ ದಿನಕ್ಕೆ ಎಷ್ಟು ಹೊತ್ತು ನಡೆಯಿತು ಅಂತ ಅಲ್ಲಿ ಕಾಣುತ್ತದೆ. ವಾರಕ್ಕೊಮ್ಮೆ ಮಗನ ಜೊತೆಯಲ್ಲೇ ಕೂತು ಅದನ್ನು ನೋಡಿ. ಕದ್ದು ನೋಡಬೇಡಿ.

ರಾತ್ರಿಯ ವಿಷಯದಲ್ಲಿ ಮಾತ್ರ ರಾಜಿ ಬೇಡ. ಮಲಗುವಾಗ ಫೋನ್ ಅವ್ವನ ತಲೆದೆಸೆಯಲ್ಲಿರಲಿ, ಹುಡುಗನ ಕೌದಿಯೊಳಗೆ ಬೇಡ. ನಿದ್ದೆಗೆಟ್ಟ ಹುಡುಗ ಬೆಳಿಗ್ಗೆ ಶಾಲೆಯಲ್ಲಿ ತೂಕಡಿಸುತ್ತಾನೆ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಫಲಿತಾಂಶ ಶೇ 42.43, ಇಡೀ ರಾಜ್ಯಕ್ಕೇ ಕೊನೆಯ ಸ್ಥಾನ. ಇದಕ್ಕೆಲ್ಲ ಮೊಬೈಲ್ ಆಟವೇ ಕಾರಣ ಅಂತ ಹೇಳಿದರೆ ತಪ್ಪಾಗುತ್ತದೆ. ಆದರೆ ಮೊದಲೇ ಹಿಂದಿರುವ ಹುಡುಗನಿಗೆ ನಿದ್ದೆಯೂ ಇಲ್ಲದಿದ್ದರೆ ಮುಂದೆ ಬರೋದು ಹೇಗೆ?

ಬಾಡಿಗೆ ಬಂದೂಕಿಗೆ ಅಸಲಿ ರೊಕ್ಕ!

ಈ ಆಟಗಳನ್ನು ಇಳಿಸಿಕೊಳ್ಳೋದು ಪುಕ್ಕಟೆ. ಹಾಗಾದರೆ ಕಂಪನಿಗೆ ಲಾಭ ಎಲ್ಲಿಂದ? ಅದೇ ಗುಟ್ಟು. ಆಟದೊಳಗೆ ಒಂದು ಅಂಗಡಿ ಇದೆ. ಬಿಜಿಎಂಐನಲ್ಲಿ ‘ಯುಸಿ’, ಫ್ರೀ ಫೈರ್‌ನಲ್ಲಿ ‘ಡೈಮಂಡ್’ ಅನ್ನೋ ಆಟದ ನಾಣ್ಯ. ಅಸಲಿ ರೂಪಾಯಿ ಕೊಟ್ಟು ಅದನ್ನು ಕೊಂಡರೆ ಬಣ್ಣದ ಅಂಗಿ, ಮಿಂಚುವ ಬಂದೂಕು ಸಿಗುತ್ತವೆ. ಕೆಲವೊಮ್ಮೆ ಏನು ಸಿಗುತ್ತದೆಂದು ಮೊದಲೇ ಗೊತ್ತಿರುವುದಿಲ್ಲ. ಜಾತ್ರೆಯಲ್ಲಿ ಚೀಟಿ ಎತ್ತಿದ ಹಾಗೆ, ಪೆಟ್ಟಿಗೆ ತೆರೆದ ಮೇಲೆಯೇ ಗೊತ್ತಾಗೋದು. ಚಪಲ ಹತ್ತೋದು ಅಲ್ಲೇ.

ಅದು ನಿಜಕ್ಕೂ ಮಗನದಾಗುತ್ತದೆಯೇ? ಒಂದು ಉದಾಹರಣೆ ಕೇಳಿ. ‘ಸ್ಟಾರ್‌ಗೇಟ್’ ಅಂತ 1994ರಲ್ಲಿ ಒಂದು ಹಾಲಿವುಡ್ ಸಿನಿಮಾ ಬಂತು. ದೊಡ್ಡ ಉಂಗುರದಂಥ ಬಾಗಿಲು ದಾಟಿದರೆ ಬೇರೊಂದು ಗ್ರಹಕ್ಕೆ ಹೋಗಬಹುದು ಅನ್ನೋ ಕಲ್ಪನೆ. ಅದರಿಂದ ಹುಟ್ಟಿದ ಟಿವಿ ಧಾರಾವಾಹಿ 1997ರಿಂದ 2007ರವರೆಗೆ ಹತ್ತು ಸೀಸನ್ ಓಡಿತು. ಆ ಜನಪ್ರಿಯತೆ ನಂಬಿ 2010ರ ಫೆಬ್ರುವರಿಯಲ್ಲಿ ‘ಸ್ಟಾರ್‌ಗೇಟ್ ರೆಸಿಸ್ಟೆನ್ಸ್’ ಅನ್ನೋ ಕಂಪ್ಯೂಟರ್ ಆಟ ಮಾರಾಟಕ್ಕೆ ಬಂತು. ಒಂದು ಕಡೆ ಭೂಮಿಯ ಸೈನಿಕರ ತಂಡ, ಇನ್ನೊಂದು ಕಡೆ ಅನ್ಯಗ್ರಹದವರ ತಂಡ, ಥೇಟ್ ನಮ್ಮ ಹುಡುಗರು ಆಡುವಂಥದ್ದೇ. ಒಂದು ವರ್ಷವೂ ತುಂಬಲಿಲ್ಲ, 2011ರ ಜನವರಿ 15ರಂದು ಸರ್ವರ್ ಬಂದ್! ದುಡ್ಡು ಕೊಟ್ಟು ಕೊಂಡವರ ಕಂಪ್ಯೂಟರಿನಲ್ಲಿ ಆಟ ಇದ್ದರೂ ಆಡುವ ಹಾಗಿಲ್ಲ. ಸಂತೆ ಎದ್ದುಹೋದ ಬಯಲಿನ ಹಾಗೆ.

ಅಷ್ಟು ದೂರ ಯಾಕೆ, ನಮ್ಮಲ್ಲೇ ನೋಡಿ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು, ಪಬ್‌ಜಿ ಅದರಲ್ಲೊಂದು. ಅಕ್ಟೋಬರ್ ಕೊನೆಗೆ ಆಟ ಪೂರ್ತಿ ನಿಂತಿತು. 2021ರ ಜುಲೈಯಲ್ಲಿ ಅದೇ ಆಟ ಬಿಜಿಎಂಐ ಅನ್ನೋ ಹೆಸರಲ್ಲಿ ಬಂತು. 2022ರ ಫೆಬ್ರುವರಿಯಲ್ಲಿ ಫ್ರೀ ಫೈರ್ ನಿಷೇಧವಾಯಿತು, ಅದರದೇ ‘ಮ್ಯಾಕ್ಸ್’ ಅನ್ನೋ ಇನ್ನೊಂದು ರೂಪ ಉಳಿಯಿತು. 2022ರ ಜುಲೈಯಲ್ಲಿ ಬಿಜಿಎಂಐ ಪ್ಲೇಸ್ಟೋರಿನಿಂದ ಮಾಯವಾಗಿ 2023ರ ಮೇ ತಿಂಗಳಲ್ಲಿ ವಾಪಸ್ ಬಂತು. ಅಂದರೆ ಬಾಗಿಲಿನ ಬೀಗ ಆಡುವವನ ಕೈಯಲ್ಲಿಲ್ಲ. ‘ಇದು ನನ್ನ ಬಂದೂಕು’ ಅಂತ ಮಗ ಹೆಮ್ಮೆಪಟ್ಟರೆ ಜರಿಯಬೇಡಿ, ಈ ಕತೆ ಹೇಳಿ. ‘ತಮ್ಮಾ, ಇದು ಬಾಡಿಗೆ ಮನಿ ಇದ್ದಂಗ. ಬಾಡಿಗೆ ಮನಿಗಿ ಯಾರರ ಟೈಲ್ಸ್ ಹಾಕಸ್ತಾರೇನು?’ ಅಂತ ಕೇಳಿ. ಹುಡುಗರಿಗೆ ಉಪದೇಶಕ್ಕಿಂತ ಲೆಕ್ಕ ಬೇಗ ಅರ್ಥವಾಗುತ್ತದೆ.

ಇನ್ನು ನಿಮ್ಮ ಕಡೆಯ ಎಚ್ಚರಿಕೆ. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಬೀಳುವ ಖಾತೆಗೇ ಫೋನ್‌ಪೇ, ಗೂಗಲ್‌ಪೇ ಜೋಡಿಸಿದ್ದೀರಾ? ಅದರ ಪಿನ್ ಮಗನಿಗೆ ಗೊತ್ತಿದೆಯಾ? ‘ನನಗ ಓದಾಕ ಬರಂಗಿಲ್ಲ, ಅವನೇ ಮಾಡ್ತಾನ’ ಅನ್ನೋ ಅವ್ವಂದಿರು ಬಹಳ. ಅಂಥವರು ಪಿನ್ ಬದಲಿಸಿ, ನಾಲ್ಕೋ ಆರೋ ಅಂಕಿ ತಾವೇ ಒತ್ತುವುದನ್ನು ಕಲಿಯಿರಿ. ಅಂಕಿ ಗುರುತಿಸಿದರೆ ಸಾಕು, ಅಕ್ಷರ ಬೇಕಿಲ್ಲ. ಪ್ಲೇಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿಸಿ. ಗೊತ್ತಿಲ್ಲದೆ ದುಡ್ಡು ಹೋಗಿದ್ದರೆ 48 ಗಂಟೆಯೊಳಗೆ ಪ್ಲೇಸ್ಟೋರಿಗೇ ಅರ್ಜಿ ಹಾಕಿದರೆ ವಾಪಸ್ ಸಿಗುವ ಸಾಧ್ಯತೆ ಇರುತ್ತದೆ. ‘ಅಗ್ಗದಲ್ಲಿ ಯುಸಿ ಕೊಡ್ತೀವಿ’ ಅಂತ ವಾಟ್ಸ್‌ಆ್ಯಪಿನಲ್ಲಿ ಬರುವವರನ್ನು ನಂಬಲೇಬೇಡಿ. ಮೋಸ ಆಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಇನ್ನೊಂದು ಗೊಂದಲ. ಪಣ ಕಟ್ಟಿ ಆಡುವ ರಮ್ಮಿ, ಬೆಟ್ಟಿಂಗ್ ಆ್ಯಪ್‌ಗಳೇ ಬೇರೆ, ಇದೇ ಬೇರೆ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರದ 2025ರ ಕಾನೂನು ನಿಷೇಧಿಸಿದೆ. ಮಗನ ಫೋನಿನಲ್ಲಿ ಅಂಥದ್ದು ಕಂಡರೆ ಮ್ಯಾಚ್ ಲೆಕ್ಕವೂ ಇಲ್ಲ, ಮಾತುಕತೆಯೂ ಇಲ್ಲ. ಅವತ್ತೇ ತೆಗೆಸಿ.

ಒಟಿಪಿ ಬಂದದ್ದು ಯಾರ ಫೋನಿಗೆ?

ಬಿಜಿಎಂಐ ಬಂದಾಗ ಕಂಪನಿ ಕೆಲವು ನಿಯಮ ಹಾಕಿತು. 18 ವರ್ಷದೊಳಗಿನವರು ಪಾಲಕರ ಫೋನ್ ನಂಬರ್ ಕೊಡಬೇಕು, ಪಾಲಕರು ಒಪ್ಪಬೇಕು, ದಿನಕ್ಕೆ 3 ಗಂಟೆ ಮಾತ್ರ ಆಡಬೇಕು. ಕೇಳಲು ಚೆಂದ. ಆದರೆ ನಮ್ಮ ಮನೆಗಳಲ್ಲಿ ಏನಾಗುತ್ತದೆ? ಮನೆಯಲ್ಲಿರೋದೇ ಒಂದು ಫೋನು. ಹುಡುಗ ಅವ್ವನ ನಂಬರ್ ಕೊಡುತ್ತಾನೆ, ಒಟಿಪಿ ಅವನ ಕೈಯಲ್ಲಿರುವ ಫೋನಿಗೇ ಬರುತ್ತದೆ, ಅವನೇ ಒತ್ತುತ್ತಾನೆ. ಅವ್ವ ಹೊಲದಲ್ಲಿ ಕಳೆ ತೆಗೆಯುತ್ತಿರುವಾಗಲೇ ಅವ್ವನ ಅನುಮತಿ ಸಿಕ್ಕಿಬಿಡುತ್ತದೆ! ಇನ್ನು ಕೆಲವರು ಹುಟ್ಟಿದ ವರ್ಷವನ್ನೇ ಬದಲಿಸಿ ‘ನನಗೆ ಇಪ್ಪತ್ತು’ ಅಂದುಬಿಡುತ್ತಾರೆ. ಕಂಪನಿ ಹಾಕಿದ ಬೇಲಿ ನಂಬಿ ಕೂಡುವ ಹಾಗಿಲ್ಲ ಅನ್ನೋದಕ್ಕೆ ಇಷ್ಟು ಸಾಕಲ್ಲವೇ? ಮನೆಯ ಬೇಲಿ ಮನೆಯವರೇ ಹಾಕಬೇಕು.

ಕಿವಿಯಲ್ಲಿ ಯಾರ ದನಿ?

ತಂಡದ ನಾಲ್ವರಲ್ಲಿ ಎಲ್ಲರೂ ಪರಿಚಯದವರಾಗಿರಬೇಕೆಂದಿಲ್ಲ. ಆಟವೇ ಅಪರಿಚಿತರನ್ನು ಜೋಡಿಸುತ್ತದೆ. ನಮ್ಮ ಕಡೆಯ ಹುಡುಗರಿಗೆ ಕನ್ನಡದ ಜೊತೆ ಹಿಂದಿ, ದಖನಿ, ಗಡಿ ಊರಿನವರಾದರೆ ಮರಾಠಿ ಕೂಡ ಬರುತ್ತದೆ. ಹೀಗಾಗಿ ದೇಶದ ಯಾವ ಮೂಲೆಯವನ ಜೊತೆಗೂ ಮಾತು ಬೆಳೆಯುತ್ತದೆ. ಇದರಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಬೈಗುಳ ಕಲಿಯೋದು ಬೇಗ. ಅದಕ್ಕಿಂತ ದೊಡ್ಡದು, ಆಟದಲ್ಲಿ ಸಿಕ್ಕವನು ಫೋನ್ ನಂಬರ್, ಫೋಟೊ, ಊರು ಕೇಳಬಹುದು. ಮೂರು ಮಾತು ಗಟ್ಟಿಯಾಗಿ ಹೇಳಿಕೊಡಿ: ನಂಬರ್ ಕೊಡಬಾರದು, ಫೋಟೊ ಕಳಿಸಬಾರದು, ಯಾರಾದರೂ ಅಸಹ್ಯವಾಗಿ ಮಾತಾಡಿದರೆ ಮುಚ್ಚಿಡಬಾರದು. ‘ನನಗ ಹೇಳಿದ್ರ ಫೋನ್ ಕಸಗೊಳ್ಳಂಗಿಲ್ಲ’ ಅಂತ ನೀವು ಭರವಸೆ ಕೊಟ್ಟರೆ ಮಾತ್ರ ಮಕ್ಕಳು ಹೇಳುತ್ತಾರೆ. ಮಗು ಹೆದರಿದ್ದರೆ, ಯಾರಾದರೂ ಬೆದರಿಸುತ್ತಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ಹೆಣ್ಣುಮಕ್ಕಳ ಮಾತು ಬಂದರೆ ಇನ್ನೊಂದು ವಿಷಯ ಹೇಳಲೇಬೇಕು. ಮಗ ಆಡುತ್ತಾ ಕೂತಾಗ ಮುಸುರೆ ತಿಕ್ಕುತ್ತಿರುವವಳು ಮಗಳು! ಫೋನ್ ಅವನ ಹಕ್ಕು, ಕೆಲಸ ಅವಳ ಪಾಲು. ಅವಳು ಹತ್ತು ನಿಮಿಷ ಫೋನ್ ಹಿಡಿದರೆ ‘ಯಾರ ಕೂಡ ಮಾತಾಡ್ಲಿಕತ್ತಿ?’ ಅನ್ನೋ ವಿಚಾರಣೆ. ಮ್ಯಾಚಿಗೆ ಲೆಕ್ಕ ಹಾಕುವಾಗ ಮನೆಗೆಲಸಕ್ಕೂ ಲೆಕ್ಕ ಹಾಕಿ. ನೀರು ತರೋದು, ತನ್ನ ತಟ್ಟೆ ತೊಳೆಯೋದು, ದನಕ್ಕೆ ಮೇವು ಹಾಕೋದು ಮುಗಿದ ಮೇಲೆಯೇ ಮೊದಲ ಮ್ಯಾಚ್. ಫೋನಿನಲ್ಲಿ ಮಗಳಿಗೂ ಅಷ್ಟೇ ಹೊತ್ತು, ಅವಳು ಆಟವಾಡಲಿ, ಪಾಠ ನೋಡಲಿ. ಇದರಿಂದ ಮಗನ ಆಟವೂ ತಾನಾಗಿಯೇ ಹಿಡಿತಕ್ಕೆ ಬರುತ್ತದೆ.

ಹವ್ಯಾಸವೋ, ಚಟವೋ?

ದಿನಾ ಆಡುವ ಹುಡುಗರೆಲ್ಲ ರೋಗಿಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’ ಅನ್ನೋ ಹೆಸರು ಸೇರಿಸಿದೆ, ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಆದರೆ ಆಡುವವರಲ್ಲಿ ಸಣ್ಣ ಪಾಲಿನವರಿಗೆ ಮಾತ್ರ ಈ ತೊಂದರೆ ಅಂತಲೂ ಸಂಸ್ಥೆ ಹೇಳಿದೆ. ಗುರುತಿಸೋದು ಹೇಗೆ? ಮೂರು ಲಕ್ಷಣಗಳು. ಒಂದು, ಶುರು ಮಾಡಿದ ಮೇಲೆ ತನಗೇ ನಿಲ್ಲಿಸಲಾಗದಿರುವುದು. ಎರಡು, ಊಟ, ಶಾಲೆ, ಗೆಳೆಯರು, ಹಬ್ಬ ಎಲ್ಲಕ್ಕಿಂತ ಆಟವೇ ಮುಂದಾಗುವುದು. ಮೂರು, ಇದರಿಂದ ನಷ್ಟ ಆಗುತ್ತಿದೆ ಅಂತ ಕಣ್ಣಿಗೆ ಕಂಡರೂ ಬಿಡದಿರುವುದು. ಸಾಮಾನ್ಯವಾಗಿ ಇವು ಒಂದು ವರ್ಷದಷ್ಟು ಕಾಲ ಕಾಣಿಸಿಕೊಂಡರೆ ವೈದ್ಯರು ಅದನ್ನು ಕಾಯಿಲೆ ಅನ್ನುತ್ತಾರೆ. ನೀವು ಮಾತ್ರ ವರ್ಷ ಕಾಯಬೇಕಿಲ್ಲ. ಮಗ ಶಾಲೆ ತಪ್ಪಿಸುತ್ತಿದ್ದರೆ, ರಾತ್ರಿಯೆಲ್ಲ ಎದ್ದಿರುತ್ತಿದ್ದರೆ, ಮನೆಯಲ್ಲಿ ದುಡ್ಡು ಕಾಣೆಯಾಗುತ್ತಿದ್ದರೆ ಈಗಲೇ ಕೇಳಿ.

ಯಾರನ್ನು ಕೇಳೋದು? ‘ಟೆಲಿ ಮಾನಸ್’ ಅಂತ ಸರ್ಕಾರದ ಸಹಾಯವಾಣಿ 2022ರ ಅಕ್ಟೋಬರಿನಲ್ಲಿ ಶುರುವಾಗಿದೆ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದು ಅಂತ ವಿಚಾರಿಸಿ, ನಿಮ್ಮೂರಿನ ಆಶಾ ಕಾರ್ಯಕರ್ತೆಯೂ ಸಹಾಯ ಮಾಡುತ್ತಾರೆ. ಕಲಬುರಗಿಯ ಜಿಮ್ಸ್ ಆಸ್ಪತ್ರೆಗೆ ಮೂರೂ ತಾಲ್ಲೂಕುಗಳಿಂದ ಬಸ್ ಸೌಕರ್ಯ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್‌ನೆಟ್ ಚಟಕ್ಕೆಂದೇ ‘ಶಟ್ ಕ್ಲಿನಿಕ್’ 2014ರಿಂದ ಇದೆ. ‘ಹುಚ್ಚರ ದವಾಖಾನಿಗಿ ಕರಕೊಂಡು ಹೋದ್ರು ಅಂತ ಮಂದಿ ಆಡಿಕೊಳ್ತಾರ’ ಅನ್ನೋ ಹಿಂಜರಿಕೆ ಬೇಡ. ಜ್ವರಕ್ಕೆ ಹೋಗುವ ಹಾಗೆ ಇದಕ್ಕೂ ಹೋಗೋದು, ಅಷ್ಟೇ.

‘ನಾ ಗೇಮರ್ ಆಗ್ತೀನಿ!’

ಇದನ್ನು ಕೇಳಿ ತಲೆ ಚಚ್ಚಿಕೊಳ್ಳಬೇಡಿ. ಇ-ಸ್ಪೋರ್ಟ್ಸ್ ಅನ್ನೋದು ನಿಜವಾಗಿಯೂ ಇದೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಅದಕ್ಕೆ ಮಾನ್ಯತೆ ಕೊಟ್ಟಿತು, 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಅದಕ್ಕೆ ಪದಕವೂ ಇತ್ತು. ಆದರೆ ಗಲ್ಲಿ ಕ್ರಿಕೆಟ್ ಆಡುವವರೆಲ್ಲ ಭಾರತ ತಂಡಕ್ಕೆ ಹೋಗುತ್ತಾರೆಯೇ? ಇದೂ ಹಾಗೆಯೇ. ‘ಆಗು ಮಗಾ, ಬ್ಯಾಡ ಅನ್ನಂಗಿಲ್ಲ. ಆಟಗಾರನಿಗೂ ವೇಳಾಪಟ್ಟಿ ಇರತದ, ನಿನ್ನ ವೇಳಾಪಟ್ಟಿ ತೋರಸು. ಹತ್ತನೇದು ಮೊದ್ಲ ಪಾಸಾಗು’ ಅನ್ನಿ. ಕನಸನ್ನು ಹೊಸಕಿದ ಹಾಗೂ ಆಗುವುದಿಲ್ಲ, ಹಗ್ಗ ಬಿಟ್ಟ ಹಾಗೂ ಆಗುವುದಿಲ್ಲ.

ಕೊನೆಗೆ ಒಂದು ಮಾತು. ಹುಡುಗನಿಗೆ ಆ ಆಟದಲ್ಲಿ ಸಿಗುತ್ತಿರುವುದು ಬರೀ ಬಂದೂಕಲ್ಲ, ಒಂದು ತಂಡ. ‘ನೀ ಬಾ, ನಿನ್ನ ಬಿಟ್ಟು ಶುರು ಮಾಡಂಗಿಲ್ಲ’ ಅನ್ನುವ ಮೂವರು. ಅಪ್ಪ ದೂರ, ಅವ್ವ ಹೊಲದಲ್ಲಿ, ಮನೆಯಲ್ಲಿ ಅವನನ್ನು ಹಾಗೆ ಕಾಯುವವರು ಯಾರು? ಊರಲ್ಲೇ ಅಂಥ ತಂಡ ಸಿಕ್ಕರೆ ಫೋನಿನ ಸೆಳೆತ ಅರ್ಧ ಕಡಿಮೆ. ಸಂಜೆ ವಾಲಿಬಾಲ್, ಶಾಲೆಯ ಕಬಡ್ಡಿ, ಭಜನಾ ಮಂಡಳಿಯ ತಬಲಾ, ಪಂಚಾಯಿತಿಯ ಅರಿವು ಕೇಂದ್ರ ಯಾವುದಾದರೂ ಸರಿ. ‘ಆಟ ಬಿಡು’ ಅನ್ನೋದಕ್ಕಿಂತ ‘ಇಲ್ಲಿಗೂ ಬಾ’ ಅನ್ನೋದು ಬೇಗ ನಾಟುತ್ತದೆ.

ಇಷ್ಟು ನೆನಪಿಡಿ

* ನಡುಮ್ಯಾಚಿನಲ್ಲಿ ಫೋನ್ ಕಸಿಯಬೇಡಿ, ಹೊಸ ಮ್ಯಾಚ್ ಶುರು ಮಾಡಲು ಬಿಡಬೇಡಿ.

* ಶಾಲೆ ಇರುವ ದಿನ ಎಷ್ಟು ಮ್ಯಾಚ್, ರಜೆಯಲ್ಲಿ ಎಷ್ಟು ಅಂತ ಇಬ್ಬರೂ ಕೂತು ಗೊತ್ತು ಮಾಡಿ, ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ.

* ಯುಪಿಐ ಪಿನ್ ಅವ್ವನಿಗೆ ಮಾತ್ರ. ತಿಂಗಳಿಗೊಮ್ಮೆ ಪಾಸ್‌ಬುಕ್ ಎಂಟ್ರಿ ಮಾಡಿಸಿ.

* ತಂಡದ ಮೂವರ ಹೆಸರು, ಊರು ನಿಮಗೆ ಗೊತ್ತಿರಲಿ.

* ರಾತ್ರಿ ಫೋನ್ ನಿಮ್ಮ ಬಳಿ. ನೀವೂ ಆ ಹೊತ್ತಿಗೆ ರೀಲ್ಸ್ ನೋಡಬೇಡಿ!

* ಒಡೆಯೋದು, ಸುಡೋದು, ಮಂದಿ ಮುಂದೆ ಹೊಡೆಯೋದು ಬೇಡ. ಸಿಟ್ಟಿನಲ್ಲಿ ಹುಡುಗ ‘ಸಾಯ್ತೀನಿ’ ಅಂದರೆ ತಮಾಷೆ ಅಂದುಕೊಳ್ಳದೆ, ಒಬ್ಬನನ್ನೇ ಬಿಡದೆ, 14416ಕ್ಕೆ ಫೋನ್ ಮಾಡಿ.

ಇವತ್ತು ಸಂಜೆ ಒಂದು ಕೆಲಸ ಮಾಡಿ. ಕೈ ಒರೆಸಿಕೊಂಡು ಮಗನ ಪಕ್ಕ ಕೂತು ಒಂದು ಮ್ಯಾಚ್ ಪೂರ್ತಿ ನೋಡಿ. ಏನೂ ಅನ್ನಬೇಡಿ. ‘ಇವನ್ಯಾರು? ಅದೇನು? ಈಗ ಎಲ್ಲಿಗಿ ಓಡ್ಲಿಕತ್ತೀರಿ?’ ಅಂತ ಕೇಳುತ್ತಾ ಹೋಗಿ. ಮೊದಲು ಮುಜುಗರಪಡುತ್ತಾನೆ, ಆಮೇಲೆ ತಾನೇ ವಿವರಿಸುತ್ತಾನೆ. ವರ್ಷಗಟ್ಟಲೆ ‘ಹ್ಞೂಂ’, ‘ಇಲ್ಲ’ ಬಿಟ್ಟು ಬೇರೆ ಮಾತಾಡದ ಹುಡುಗ ಅರ್ಧ ಗಂಟೆ ಮಾತಾಡಿದರೆ ಆಶ್ಚರ್ಯಪಡಬೇಡಿ. ಮ್ಯಾಚ್ ಲೆಕ್ಕದ ಒಪ್ಪಂದಕ್ಕೆ ಅದಕ್ಕಿಂತ ಒಳ್ಳೆ ಹೊತ್ತು ಇನ್ನೊಂದಿಲ್ಲ.